ಪಾಚಿಯ ಪ್ರತಾಪ

ಕಳೆದ ಸಂಚಿಕೆಯಲ್ಲಿ ಲೋಕಲ್ ಗಾಡಿಯ ಕಿಟಕಿ ಜಾಗದ ಮಹಿಮೆಯನ್ನು ಕುರಿತು ಬರೆದ ಮೇಲೆ, ಈ ಸಲ ಯಾವುದಾದರೊಂದು ಘನವಾದ ವಿಷಯವನ್ನೇ ಎತ್ತಿಕೊಳ್ಳಬೇಕೆಂದು ನಾವು ನಿಶ್ಚಯಿಸಿದ್ದೆವು. ಸಂಪಾದಕರ ಇಚ್ಛೆಯೂ ಅದೇ ಆಗಿತ್ತು. ಆದರೆ ಮನೆಯಲ್ಲಿ ಊಟಕ್ಕೆ ಕುಳಿತರೂ ಪಾಚಿಯ ಮಾತು, ಎದ್ದರೂ ಪಾಚಿಯ ಮಾತು ಎಂಬ ಸ್ಥಿತಿ ಬಂದಿರುವಾಗ ಲೇಖನಿಗೆ ಬೇರೆ ವಿಷಯ ಹೊಳೆಯುವುದೆಂತು? ಪಾಚಿ ಎಂದರೆ ತಾಯಂದಿರು ತೊಟ್ಟಿಲ ಮಗುವಿಗೆ ಮಾಡೆಂದು ಹೇಳುವ ಪಾಚಿಯಲ್ಲ. ಅದು ನಮ್ಮ ಮನೆಯಿಂದ ಹೋಗಿ ಮೂರು ತಿಂಗಳಾಯಿತು. ನಾವು ಹೇಳುತ್ತಿರುವುದು ನೀರಿನ ಪಾಚಿಯನ್ನು.

ನಡೆದುದಿಷ್ಟು. ಕಳೆದ ದೀಪಾವಳಿಗೆ ತುಸು ಮುನ್ನ ತುಟ್ಟಿಭತ್ಯೆಯ ಬಾಕಿ ನಮ್ಮ ಕೈಸೇರಿತು. ಅದು ಬರುವ ಮೊದಲೇ ಅದರ ಮೇಲೆ ಹಕ್ಕು ಸಾಧಿಸಿದವರು ಇಬ್ಬರು. ನಮ್ಮಾಕೆಯ ಕಣ್ಣು ಹೊಸ ಗ್ರೈಂಡರಿನ ಮೇಲಿತ್ತು. ಒಂಬತ್ತು ವರ್ಷದ ಮಗಳ ಕಣ್ಣು ‘ಫೈಂಡಿಂಗ್ ನೀಮೋ’ ಚಿತ್ರದಲ್ಲಿ ಕಂಡ ಕಿತ್ತಳೆ ಬಣ್ಣದ, ಬಿಳಿ ಪಟ್ಟಿಯ ಮೀನಿನ ಮೇಲಿತ್ತು. ನಮಗೂ ಒಳಗೊಳಗೇ ಒಂದು ಹಳೆಯ ಆಸೆ. ಚಿಕ್ಕಂದಿನಲ್ಲಿ ಮುಂಬಯಿಯ ಸೋದರಮಾವನ ಮನೆಗೆ ಬಂದಿದ್ದಾಗ, 1951ರಲ್ಲಿ ಮರೀನ್ ಡ್ರೈವ್‌ನಲ್ಲಿ ತೆರೆದ ತಾರಾಪೋರವಾಲಾ ಮತ್ಸ್ಯಾಲಯವನ್ನು ನೋಡಿ, ಗಾಜಿಗೆ ಮೂಗೊತ್ತಿ ನಿಂತವರು ಮಾವ ಕಿವಿ ಹಿಡಿದೆಳೆಯುವವರೆಗೂ ಕದಲಿರಲಿಲ್ಲ. ಅಂತೂ ಗ್ರೈಂಡರು ಸೋತಿತು, ಮೀನು ಗೆದ್ದಿತು.

ಡೊಂಬಿವಲಿಯ ನಮ್ಮ ಕಟ್ಟಡಕ್ಕೆ ಲಿಫ್ಟಿಲ್ಲ. ಮನೆ ನಾಲ್ಕನೆಯ ಮಹಡಿ. ನೂರು ಲೀಟರು ಹಿಡಿಯುವ ಗಾಜಿನ ತೊಟ್ಟಿಯನ್ನು ಮೂವರು ಹೊತ್ತು ಮೇಲೇರಿಸಿದ ವೈಭವವನ್ನು ಇಡೀ ಚಾಳಿನ ಮಕ್ಕಳು ಮೆಟ್ಟಿಲ ಮೇಲೆ ಸಾಲಾಗಿ ನಿಂತು ನೋಡಿದರು. ಸಿಹಿನೀರಿನ ಮೀನಾದರೆ ಸುಲಭವಿತ್ತು. ನಮ್ಮ ಮಗಳು ಆರಿಸಿದ್ದು ಕಡಲ ಮೀನು; ಅದಕ್ಕೆ ಉಪ್ಪುನೀರೇ ಆಗಬೇಕು. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ನೂರು ಲೀಟರಿಗೆ ಲೆಕ್ಕ ಹಾಕಿದರೆ ಮೂರೂವರೆ ಕಿಲೋ! “ಅಡುಗೆಮನೆಯ ಉಪ್ಪು ಆಗುವುದಿಲ್ಲವೇನ್ರಿ?” ಎಂದು ನಮ್ಮಾಕೆ ಕೇಳಿದಳು. ಆಗದು. ಕಡಲಿನ ಉಪ್ಪಿನಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂ ಮುಂತಾದುವೆಲ್ಲ ಸೇರಿರುತ್ತವೆ. ಅದನ್ನು ಬೇರೆಯಾಗಿಯೇ ಕೊಳ್ಳಬೇಕು. ಜೀವಂತ ಹವಳವನ್ನೂ ಇಡೋಣವೆಂದಳು ಮಗಳು. ಗಟ್ಟಿ ಹವಳವನ್ನೂ ಕಡಲಕುದುರೆಯನ್ನೂ 2001ರಲ್ಲೇ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲನೆಯ ಅನುಸೂಚಿಗೆ ಸೇರಿಸಿದ್ದಾರೆ. ಸರಕಾರದ ಅನ್ನ ತಿನ್ನುವವರು ಕಾಯಿದೆ ಮುರಿಯಬಾರದಷ್ಟೆ. ಒಣ ಕಲ್ಲು, ಮರಳು, ಎರಡು ಮೀನು — ಇಷ್ಟಕ್ಕೆ ಸಂಸಾರ ಹೂಡಿದೆವು.

ಅಂಗಡಿಯಾತ ಒಂದು ಮಾತು ಹೇಳಿದ್ದ: “ಒಂದು ತಿಂಗಳಾದರೂ ತೊಟ್ಟಿಯನ್ನು ಬರಿದೆ ನಡೆಸಿ, ಆಮೇಲೆ ಮೀನು ಒಯ್ಯಿರಿ.” ಕಚೇರಿಯಲ್ಲಿ ಒಂದು ಕಾಗದಕ್ಕೆ ತಿಂಗಳುಗಟ್ಟಲೆ ಕಾಯಿಸುವ ನಾವು ಮನೆಯಲ್ಲಿ ಐದು ದಿನ ಕಾಯಲಾರದೆ ಹೋದೆವು. ಆರನೆಯ ದಿನವೇ ಮೀನುಗಳ ಗೃಹಪ್ರವೇಶವಾಯಿತು.

ಈ ತಿಂಗಳ ಗುಟ್ಟೇನೆಂಬುದು ನಮಗೆ ತಿಳಿದದ್ದು ಬಹಳ ತಡವಾಗಿ. ನಾವು ಬಿ.ಎ. ಓದಿದವರು, ವಿಜ್ಞಾನ ನಮ್ಮನ್ನು ಹತ್ತನೆಯ ತರಗತಿಯಲ್ಲೇ ಕೈಬಿಟ್ಟಿತು. ಆದ್ದರಿಂದ ನಮಗೆ ಅರ್ಥವಾದ ಭಾಷೆಯಲ್ಲೇ ಹೇಳುತ್ತೇವೆ. ಹೊಸ ತೊಟ್ಟಿಯೆಂದರೆ ಹೊಸದಾಗಿ ತೆರೆದ ಕಚೇರಿ. ಮೇಜುಗಳಿವೆ, ನೌಕರರ ನೇಮಕವಾಗಿಲ್ಲ. ಮೀನಿನ ಮಲ, ತಿನ್ನದೆ ಉಳಿದ ಆಹಾರ ಕೊಳೆತು ಅಮೋನಿಯಾ ಆಗುತ್ತದೆ. ಅದು ಮೀನಿಗೆ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆ ಅದನ್ನು ನೈಟ್ರೇಟ್ ಮಾಡುತ್ತದೆ. ಅದು ಮೀನಿಗೆ ಅಷ್ಟು ಅಪಾಯವಲ್ಲ. ಈ ಇಬ್ಬರು ಗುಮಾಸ್ತರು ಕಲ್ಲು, ಮರಳುಗಳ ಮೇಲೆ ಬಂದು ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಕಡೆಗೆ ಉಳಿಯುವ ನೈಟ್ರೇಟನ್ನು ಯಾರು ತಿನ್ನಬೇಕು? ಅಲ್ಲಿಗೆ ನಮ್ಮ ಕಥಾನಾಯಕನ ಪ್ರವೇಶ.

ಎರಡನೆಯ ವಾರ ಮರಳಿನ ಮೇಲೆ ಕಂದು ಧೂಳು ಕೂತಿತು, ಯಾರೋ ಕಾಫಿಪುಡಿ ಉದುರಿಸಿದ ಹಾಗೆ. ಇದಕ್ಕೆ ಡಯಾಟಂ ಎಂದು ಹೆಸರು. ನೀರಿನಲ್ಲೂ ಮರಳಿನಲ್ಲೂ ಇರುವ ಸಿಲಿಕೇಟನ್ನು ಹಿಡಿದು ಗಾಜಿನಂಥ ಚಿಪ್ಪು ಕಟ್ಟಿಕೊಳ್ಳುವ ಕಣ್ಣಿಗೆ ಕಾಣದ ಜೀವಿ. ಐದನೆಯ ವಾರ ಕಲ್ಲುಗಳಿಗೆ ಹಸಿರು ಗಡ್ಡ ಬೆಳೆಯಿತು. ಆರನೆಯ ವಾರ ಕೆಂಪು-ನೇರಳೆ ಬಣ್ಣದ ಲೋಳೆಯ ಹಚ್ಚಡ. ಅದರ ಮೈಮೇಲೆ ಮುತ್ತಿನಂಥ ಗುಳ್ಳೆಗಳು. ಈ ಕಡೆಯದು ನಿಜಕ್ಕೂ ಪಾಚಿಯಲ್ಲವಂತೆ. ಬಿಸಿಲುಂಡು ಬದುಕುವ ಬ್ಯಾಕ್ಟೀರಿಯಾ. ಗುಳ್ಳೆಗಳಲ್ಲಿದ್ದುದು ಆಮ್ಲಜನಕ. ಸುಮಾರು 240 ಕೋಟಿ ವರ್ಷಗಳ ಹಿಂದೆ ಭೂಮಿಯ ಗಾಳಿಯಲ್ಲಿ ಆಮ್ಲಜನಕ ತುಂಬಲಾರಂಭಿಸಿದ್ದೇ ಈ ವಂಶದ ಹಿರಿಯರಿಂದ. ನಾವು ಉಸಿರಾಡುವುದು ಅವರ ಋಣ. ಆದರೆ ಮನೆಗೆ ಬಂದ ನೆಂಟರಿಗೆ ಇದನ್ನೆಲ್ಲ ವಿವರಿಸುವವರಾರು? “ಓಹೋ, ಮೀನು ಸಾಕಿದ್ದೀರಿ ಅಂದಿದ್ದರು, ನೋಡಿದರೆ ಹುಲ್ಲು ಸಾಕಿದ್ದೀರಿ!” ಎಂದು ಪಕ್ಕದ ಮನೆಯವರು ನಕ್ಕರು. ಆ ನಗು ನಮಗೆ ಚುಚ್ಚಿತು.

ಮರು ಭಾನುವಾರವೇ ಯುದ್ಧ ಸಾರಿದೆವು. ಮೀನುಗಳನ್ನು ಬಕೀಟಿಗೆ ವರ್ಗಾಯಿಸಿ, ತೊಟ್ಟಿಯ ನೀರನ್ನು ಪೂರ್ತಿ ಚೆಲ್ಲಿ, ಕಲ್ಲುಗಳನ್ನು ಬಚ್ಚಲಿಗೆ ಒಯ್ದು ಬಟ್ಟೆ ಒಗೆಯುವ ಬ್ರಷ್ಷಿನಿಂದ ತಿಕ್ಕಿದೆವು. ಮರಳನ್ನು ಅಕ್ಕಿ ತೊಳೆದಂತೆ ನಲ್ಲಿಯ ಕೆಳಗೆ ಏಳು ಸಲ ತೊಳೆದೆವು. ಸಂಜೆಗೆ ತೊಟ್ಟಿ ಅಂಗಡಿಯಲ್ಲಿದ್ದ ದಿನದಂತೆ ಹೊಳೆಯಿತು. ನೆರೆಯವರನ್ನು ಕರೆದು ತೋರಿಸಿದ್ದೂ ಆಯಿತು.

ಗುರುವಾರ ಮಧ್ಯಾಹ್ನ ನಮ್ಮಾಕೆ ಕಚೇರಿಗೆ ಫೋನು ಮಾಡಿದಳು. ಎರಡರಲ್ಲಿ ದೊಡ್ಡ ಮೀನು ತಲೆಕೆಳಗಾಗಿ ತೇಲುತ್ತಿತ್ತು.

ಕೊಂದವರು ನಾವೇ ಎಂಬುದು ಆಗ ನಮಗೆ ಹೊಳೆಯಲಿಲ್ಲ. ನಲ್ಲಿಯ ನೀರಿನ ಕ್ಲೋರಿನ್ನು ಕಲ್ಲು-ಮರಳಿನ ಮೇಲಿದ್ದ ಬ್ಯಾಕ್ಟೀರಿಯಾವನ್ನೆಲ್ಲ ಕೊಂದು, ಆಗತಾನೆ ಕೆಲಸ ಕಲಿತಿದ್ದ ಗುಮಾಸ್ತರೆಲ್ಲ ಒಂದೇ ಭಾನುವಾರ ವಜಾ ಆಗಿ, ಅಮೋನಿಯಾ ಕಡತದಂತೆ ಪೇರಿಕೊಂಡಿತ್ತು. ಅದೆಲ್ಲ ಆಮೇಲೆ ತಿಳಿದುದು. ಆ ಗಳಿಗೆಯಲ್ಲಿ ನಮಗೆ ತೋಚಿದ್ದು ಒಂದೇ: ಶಾಲೆಯಿಂದ ಬರುವ ಮಗಳು ಇದನ್ನು ನೋಡಬಾರದು. ಅರ್ಧ ದಿನ ರಜೆ ಬರೆದುಕೊಟ್ಟು, ಅಂಗಡಿಗೆ ಓಡಿ, ಅಷ್ಟೇ ಗಾತ್ರದ ಅಂಥದೇ ಮೀನನ್ನು ತಂದು ತೊಟ್ಟಿಗೆ ಬಿಟ್ಟೆವು. ಸತ್ತದ್ದನ್ನು ತುಳಸಿ ಕುಂಡದ ಪಕ್ಕದ ಕುಂಡದಲ್ಲಿ ಹುಗಿದೆವು. ಸಂಜೆ ಮಗಳು ಬಂದಳು. ತೊಟ್ಟಿಯ ಮುಂದೆ ಸ್ವಲ್ಪ ಹೊತ್ತು ನಿಂತಳು. ಏನೂ ಹೇಳದೆ ಪಾಠಕ್ಕೆ ಕುಳಿತಳು. ಸಂಕಟ ಕಳೆಯಿತೆಂದು ನಾವು ನಿಟ್ಟುಸಿರು ಬಿಟ್ಟೆವು. ಆದರೆ ಅಂದಿನಿಂದ ಅವಳು ಮೀನುಗಳನ್ನು ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದ್ದಳು. ಅದು ನಮ್ಮ ಗಮನಕ್ಕೆ ಬಾರದಿರಲಿಲ್ಲ. ಬಂದರೂ ಕಾಣದಂತೆ ಇದ್ದೆವು.

ಸಂಕ್ರಾಂತಿಗೆ ಊರಿನಿಂದ ಅಮ್ಮ ಬಂದರು. ನಮ್ಮದು ಕುಮಟೆಯ ಕಡೆ. ಅಮ್ಮನ ತವರು ಸಾಣಿಕಟ್ಟಾದ ಉಪ್ಪಿನ ಆಗರಗಳ ಪಕ್ಕದಲ್ಲಿ. ಚೀಲ ಕೆಳಗಿಡುವ ಮೊದಲೇ ಅವರ ಕಣ್ಣು ತೊಟ್ಟಿಯ ಮೇಲೆ ಬಿತ್ತು.

“ಎಂಥದೋ ತಮ್ಮ ಇದು? ಅಳಿವೆಯನ್ನೇ ಮನೆಯೊಳಗೆ ತಂದಿಟ್ಟಿದ್ದೀಯಲ್ಲ!”

ಮೂರು ದಿನ ಅವರು ಏನೂ ಹೇಳದೆ ನೋಡುತ್ತಿದ್ದರು. ನೀರು ಆವಿಯಾಗಿ ಎರಡು ಬೆರಳು ಇಳಿದಾಗ ನಾವು ಎಂದಿನಂತೆ ಉಪ್ಪುನೀರು ಕಲಸಿ ಸುರಿಯಲು ಹೋದೆವು. ಅಮ್ಮ ಕೈಹಿಡಿದರು.

“ಹೋದದ್ದು ನೀರು, ಉಪ್ಪಲ್ಲ. ಉಪ್ಪು ಎಂದಾದರೂ ಆವಿಯಾಗಿ ಹೋದೀತೇನೋ? ಹೋಗುವ ಹಾಗಿದ್ದರೆ ನಮ್ಮ ಸಾಣಿಕಟ್ಟಾದಲ್ಲಿ ಆಗರವೇ ಇರುತ್ತಿರಲಿಲ್ಲ. ಸಿಹಿನೀರು ಹಾಕು.”

ನಾವು ಎರಡು ತಿಂಗಳಿಂದ ನಮ್ಮ ಕೈಯಾರೆ ತೊಟ್ಟಿಯನ್ನು ಆಗರ ಮಾಡುತ್ತಿದ್ದೆವು! ಅಳೆದು ನೋಡಿದಾಗ ಉಪ್ಪು ಇರಬೇಕಾದುದಕ್ಕಿಂತ ಹೆಚ್ಚಾಗಿತ್ತು. ನಲವತ್ತು ವರ್ಷ ಉಪ್ಪಿನ ರಾಶಿ ನೋಡಿದವರಿಗೆ ಯಾವ ಬಿ.ಎ.ಯೂ ಬೇಕಿಲ್ಲ. ಪಾಚಿಯ ಮಾತು ಬಂದಾಗ ಅವರು, “ಹೋದ ತಿಂಗಳು ಪೂರ್ತಿ ತೊಳೆದೆ ಅಂತೀಯ, ಮತ್ತೆ ಹೇಗೆ ಬಂತು? ತೊಳೆದರೆ ಹೋಗುವುದಲ್ಲ ಅದು. ಅದಕ್ಕೆ ಉಣ್ಣಲು ಹಾಕುವವರು ಯಾರು, ಮೊದಲು ಅದನ್ನು ನೋಡು” ಎಂದರು. ನಾವು ಉತ್ತರ ಕೊಡಲಿಲ್ಲ.

ಅಮ್ಮನಿಗೆ ಏನಾದರೂ ತೋರಿಸಬೇಕೆಂದು ಫೆಬ್ರವರಿಯ ಒಂದು ಭಾನುವಾರ ಥಾಣೆಯಲ್ಲಿ ಗಾಡಿ ಬದಲಿಸಿ ಐರೋಲಿಗೆ ಹೋದೆವು. ಅಲ್ಲಿಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ಥಾಣೆ ಖಾಡಿಯೊಳಕ್ಕೆ ದೋಣಿ ಹೊರಡುತ್ತದೆ. ಎರಡೂ ದಡದಲ್ಲಿ ಕಾಂಡ್ಲಾ ಗಿಡಗಳು. ಅಮ್ಮ ಮೂಗರಳಿಸಿ, “ನಮ್ಮ ಅಘನಾಶಿನಿಯದೇ ವಾಸನೆ” ಎಂದರು. ಅವರ ಮಾತಿನಲ್ಲಿ ಅರ್ಥವಿತ್ತು. ಥಾಣೆ ಖಾಡಿ 2022ರಲ್ಲೂ ಅಘನಾಶಿನಿಯ ಅಳಿವೆ 2024ರಲ್ಲೂ ರಾಮ್ಸಾರ್ ಜೌಗುತಾಣಗಳ ಜಾಗತಿಕ ಪಟ್ಟಿಗೆ ಸೇರಿದುವು. ಅಂದರೆ ಅತ್ತೆಮನೆಗೂ ತವರಿಗೂ ಒಂದೇ ಬಗೆಯ ಮಾನ್ಯತೆ.

ನೀರು ಇಳಿದಿತ್ತು. ಕೆಸರಿನ ಬಯಲಿನಲ್ಲಿ ಕಣ್ಣು ಹಾಯುವವರೆಗೆ ಗುಲಾಬಿ ಬಣ್ಣ! ಸಾವಿರಾರು ರಾಜಹಂಸಗಳು, ಅದೇ ಫ್ಲೆಮಿಂಗೋಗಳು, ತಲೆ ಕೆಳಗೆ ಹಾಕಿ ಒಂದೇ ಮನಸ್ಸಿನಿಂದ ಉಣ್ಣುತ್ತಿದ್ದುವು. ಇವುಗಳಿಗಾಗಿಯೇ 2015ರಲ್ಲಿ ಸರಕಾರ ಖಾಡಿಯ ಈ ಭಾಗವನ್ನು ಅಭಯಾರಣ್ಯವೆಂದು ಘೋಷಿಸಿತು. “ಏನು ತಿನ್ನುತ್ತವೆ?” ಎಂದು ಮಗಳು ಕೇಳಿದಳು.

“ಪಾಚಿ” ಎಂದ ದೋಣಿಯ ಮಾರ್ಗದರ್ಶಿ.

ನಾವೂ ನಮ್ಮಾಕೆಯೂ ಮುಖಮುಖ ನೋಡಿಕೊಂಡೆವು. ಆತ ವಿವರಿಸಿದ. ಚಿಕ್ಕ ಜಾತಿಯ ರಾಜಹಂಸಕ್ಕೆ ನೀಲಿ-ಹಸಿರು ಪಾಚಿ ಮತ್ತು ಡಯಾಟಂಗಳೇ ಮುಖ್ಯ ಅನ್ನ. ದೊಡ್ಡ ಜಾತಿಯದು ಸೀಗಡಿ, ಹುಳುಗಳನ್ನೂ ತಿನ್ನುತ್ತದೆ. ಕೊಕ್ಕನ್ನು ತಲೆಕೆಳಗು ಮಾಡಿ, ನಾಲಗೆಯಿಂದ ನೀರನ್ನು ಎಳೆದು ತಳ್ಳಿ, ಜರಡಿಯಂಥ ಕೊಕ್ಕಿನ ಅಂಚಿನಲ್ಲಿ ಪಾಚಿಯನ್ನು ಸೋಸಿಕೊಳ್ಳುತ್ತದೆ. ಮರಿಗಳು ಬೂದು ಬಣ್ಣ; ಗಜ್ಜರಿಗೆ ಬಣ್ಣ ಕೊಡುವ ವಂಶದ್ದೇ ಒಂದು ವಸ್ತು ಈ ಪಾಚಿಯಲ್ಲಿದ್ದು, ಅದನ್ನು ತಿಂದು ತಿಂದೇ ಅವು ಗುಲಾಬಿಯಾಗುತ್ತವೆ. ನಾವು ಬ್ರಷ್ಷಿನಿಂದ ತಿಕ್ಕಿ ಬಚ್ಚಲಿಗೆ ಬಿಟ್ಟದ್ದರ ದಾಯಾದಿಯೇ ಇಲ್ಲಿ ರೆಕ್ಕೆ ಕಟ್ಟಿಕೊಂಡು ಹಾರುತ್ತಿತ್ತು!

“ಇಲ್ಲಿ ಇಷ್ಟೊಂದು ಪಾಚಿ ಹೇಗೆ ಬೆಳೆಯುತ್ತದೆ?” ನಮ್ಮ ಪ್ರಶ್ನೆಗೆ ಆತ ನಗುತ್ತ ನಾಲ್ಕೂ ದಿಕ್ಕಿಗೆ ಕೈ ತೋರಿದ. ಸುತ್ತಲ ಊರುಗಳೆಲ್ಲದರ ಕೊಳೆನೀರು ಖಾಡಿಗೆ ಸೇರುತ್ತದೆ. ಅದರಲ್ಲಿರುವ ಸಾರಜನಕ, ರಂಜಕಗಳೇ ಪಾಚಿಗೆ ಗೊಬ್ಬರ. ಆದರೆ ಒಂದು ಮಾತಿದೆ. ಖಾಡಿಗೆ ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಕಡಲು ಬಂದು ತೊಳೆದು ಹೋಗುತ್ತದೆ. ಮೇಲೆ ಉಣ್ಣುವ ಬಾಯಿಗಳು ಸಾವಿರಾರು. ಈ ಎರಡರಲ್ಲಿ ಒಂದು ನಿಂತರೂ ಲೆಕ್ಕ ತಪ್ಪುತ್ತದೆ. 2024ರಲ್ಲಿ ನವಿಮುಂಬಯಿಯ ನೆರೂಲಿನ ಕೆರೆಯೊಂದಕ್ಕೆ ಭರತದ ನೀರು ಬರುವ ದಾರಿ ಕಟ್ಟಿಹೋಗಿ, ನೀರು ನಿಂತು ಕೆಟ್ಟು, ಅದನ್ನು ನಂಬಿದ್ದ ರಾಜಹಂಸಗಳು ಕಷ್ಟಕ್ಕೆ ಬಿದ್ದುದನ್ನು ಪತ್ರಿಕೆಗಳಲ್ಲಿ ಓದಿದ ನೆನಪು ನಮಗೆ ಬಂದಿತು. ಅದೇ ಪಾಚಿ, ನೀರು ಆಡುವಲ್ಲಿ ಅನ್ನ, ನಿಂತಲ್ಲಿ ಹೊಲಸು.

ಆಗ ಹೊಳೆಯಿತು ನಮಗೆ. ಹದಿಮೂರು ವರ್ಷದಿಂದ ನಾವು ಕಚೇರಿಯಲ್ಲಿ ಬರೆಯುತ್ತಿರುವುದು ಆವಕ-ಜಾವಕದ ಪುಸ್ತಕ. ಬಂದ ಕಾಗದ ಎಷ್ಟು, ಹೋದ ಕಾಗದ ಎಷ್ಟು. ಬಂದದ್ದು ಹೆಚ್ಚಾಗಿ ಹೋದದ್ದು ಕಡಿಮೆಯಾದರೆ ಮೇಜಿನ ಮೇಲೆ ಪೇರಿಕೊಳ್ಳುವುದಕ್ಕೆ ಬಾಕಿ ಎನ್ನುತ್ತೇವೆ. ತೊಟ್ಟಿಯ ಪಾಚಿಯೆಂದರೆ ಬಾಕಿ. ಬಾಕಿಯ ಕಾಗದಗಳನ್ನು ಹರಿದೆಸೆದರೆ ಮೇಜು ಸ್ವಚ್ಛವಾದೀತು, ಕೆಲಸ ಮುಗಿದಂತಾದೀತೆ? ಅಮ್ಮ ಕೇಳಿದ್ದೂ ಅದನ್ನೇ: ಉಣ್ಣಲು ಹಾಕುವವರು ಯಾರು?

ಮರಳುವಾಗ ಡೊಂಬಿವಲಿಯ ಗಾಡಿಯಲ್ಲಿ, ಪುಣ್ಯಕ್ಕೆ, ಕಿಟಕಿ ಜಾಗ ಸಿಕ್ಕಿತು. ಮಗಳು ಕಿಟಕಿಯಿಂದ ಹೊರಗೆ ನೋಡುತ್ತಲೇ ಕೇಳಿದಳು: “ಅಪ್ಪ, ನಮ್ಮ ಹಳೇ ಮೀನು ಎಲ್ಲಿಗೆ ಹೋಯಿತು?”

ಸುಳ್ಳು ಹೇಳುವ ಶಕ್ತಿ ಆ ಹೊತ್ತಿಗೆ ನಮ್ಮಲ್ಲಿರಲಿಲ್ಲ. ನಡೆದುದನ್ನೆಲ್ಲ ಹೇಳಿದೆವು: ತೊಳೆದುದು, ಸತ್ತದ್ದು, ಹುಗಿದುದು, ಹೊಸದನ್ನು ತಂದುದು. ಅವಳು ಅಳಲಿಲ್ಲ.

“ನನಗೆ ಅವತ್ತೇ ಗೊತ್ತಿತ್ತು. ಅದಕ್ಕೆ ನಡುವಿನ ಬಿಳಿ ಪಟ್ಟಿ ಅರ್ಧವೇ ಇತ್ತು, ಇದಕ್ಕೆ ಪೂರ್ತಿ ಇದೆ. ನೀವು ಹೇಳಲಿ ಅಂತ ಕಾಯ್ತಾ ಇದ್ದೆ. ನೀವು ಹೇಳದೆ ಇದಕ್ಕೆ ಹೆಸರು ಇಡೋದು ಹೇಗೆ?”

ಅಮ್ಮ ಅವಳ ತಲೆ ಸವರಿ, “ಜಾಣ ಕೂಸು” ಎಂದರು. ನಮ್ಮತ್ತ ನೋಡಲಿಲ್ಲ. ನೋಡದಿದ್ದುದೇ ಒಳ್ಳೆಯದಾಯಿತು.

ಮರುದಿನವೇ ಮಗಳ ಹಳೆಯ ನೋಟುಪುಸ್ತಕದಲ್ಲಿ ಗೆರೆ ಎಳೆದು ತೊಟ್ಟಿಯ ಆವಕ-ಜಾವಕ ಆರಂಭವಾಯಿತು. ಮೊದಲು ಆವಕ. ಮೀನಿಗೆ ಉಣಿಸುವವರು ಯಾರೆಂದು ವಿಚಾರಿಸಲಾಗಿ, ಬೆಳಗ್ಗೆ ಮಗಳು, ಮಧ್ಯಾಹ್ನ ನಮ್ಮಾಕೆ, ಸಂಜೆ ನಾವು, ನಡುವೆ ನೆರೆಮನೆಯ ಹುಡುಗ! ಕನ್ನಡಿಗರ ಮನೆಯ ಉಪಚಾರ ಮೀನಿಗೂ ತಪ್ಪಿರಲಿಲ್ಲ. ಈಗ ದಿನಕ್ಕೊಮ್ಮೆ, ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟು ಮಾತ್ರ. ಪಡುವಣ ಬಿಸಿಲು ಬೀಳುತ್ತಿದ್ದ ಕಿಟಕಿಗೆ ಪರದೆ. ಬೆಳಗಿನಿಂದ ರಾತ್ರಿ ಹನ್ನೊಂದರವರೆಗೆ ಉರಿಯುತ್ತಿದ್ದ ದೀಪಕ್ಕೆ ಈಗ ಎಂಟು ಗಂಟೆಯ ಪಾಳಿ. ನೀರು ನಲ್ಲಿಯದಲ್ಲ, ಆರ್‌ಓ ಯಂತ್ರದ್ದು. ಇದರಲ್ಲೂ ಒಂದು ಸೂಕ್ಷ್ಮವಿದೆ: ರುಚಿಗೆಂದು ಶುದ್ಧ ನೀರಿಗೆ ತುಸು ನಲ್ಲಿ ನೀರನ್ನೇ ಬೆರೆಸುವ ತಿರುಪು ಮನೆಯ ಎಷ್ಟೋ ಯಂತ್ರಗಳಲ್ಲಿರುತ್ತದೆ, ಅದನ್ನು ಮುಚ್ಚಿಸದಿದ್ದರೆ ಸಿಲಿಕೇಟು, ಫಾಸ್ಫೇಟುಗಳು ಹಿಂಬಾಗಿಲಿನಿಂದ ಬರುತ್ತವೆ.

ಇನ್ನು ಜಾವಕ. ಭಾನುವಾರಕ್ಕೊಮ್ಮೆ ಹತ್ತು ಲೀಟರು ಹಳೆಯ ನೀರು ಹೊರಗೆ, ಅಷ್ಟೇ ಹೊಸ ಉಪ್ಪುನೀರು ಒಳಗೆ. ಇದು ನಮ್ಮ ಮನೆಯ ಭರತ-ಇಳಿತ. ಉದ್ದ ಬೆಳೆದ ಪಾಚಿಯನ್ನು ಕೈಯಿಂದ ಕಿತ್ತು ಹೊರಗೆ. ತೊಟ್ಟಿಯಲ್ಲೇ ಸತ್ತು ಕೊಳೆತರೆ ತಿಂದದ್ದನ್ನೆಲ್ಲ ಅದು ಮತ್ತೆ ನೀರಿಗೇ ಕಕ್ಕುತ್ತದೆ. ಕಲ್ಲನ್ನು ಎಂದೂ ನಲ್ಲಿ ನೀರಿನಲ್ಲಿ ತೊಳೆಯುವುದಿಲ್ಲ. ತೀರ ಬೇಕಾದರೆ ತೊಟ್ಟಿಯಿಂದ ತೆಗೆದ ಹಳೆಯ ನೀರಿನಲ್ಲೇ ಅಲ್ಲಾಡಿಸುವುದು. ಗಾಜು ನೆಕ್ಕಲು ನಾಲ್ಕು ಬಸವನಹುಳುಗಳನ್ನು ನೇಮಿಸಿಕೊಂಡೆವು. ಕಲ್ಯಾಣದ ಮಿತ್ರರೊಬ್ಬರು ತಮ್ಮ ಹಳೆಯ ತೊಟ್ಟಿಯಿಂದ ಹಸಿರು ದಾರದ ಉಂಡೆಯಂಥ ಒಂದು ಕಡಲ ಪಾಚಿಯನ್ನು ಪುಕ್ಕಟೆ ಕೊಟ್ಟರು. ಅದನ್ನು ಪಕ್ಕದ ಪುಟ್ಟ ಪೆಟ್ಟಿಗೆಯಲ್ಲಿ ಬೇರೆ ದೀಪವಿಟ್ಟು ಬೆಳೆಸುತ್ತೇವೆ. ಬೇಡದ ಪಾಚಿಯ ಊಟವನ್ನು ಈ ಬೇಕಾದ ಪಾಚಿ ತಿನ್ನುತ್ತದೆ. ತಿಂಗಳಿಗೊಮ್ಮೆ ಅರ್ಧ ಕತ್ತರಿಸಿ ಹೊರಗೆ ಹಾಕಿದರೆ ಅಷ್ಟು ಗೊಬ್ಬರವೂ ಹೊರಗೆ ಹೋದಂತೆ. ಮುಳ್ಳನ್ನು ಮುಳ್ಳಿನಿಂದ ತೆಗೆಯುವುದೆಂದರೆ ಇದೇ.

ಕಂದು ಧೂಳು ತಾನಾಗಿ ಹೋಯಿತು. ಕೆಂಪು ಲೋಳೆ ಐದು ವಾರದಲ್ಲಿ ಕರಗಿತು. ಹಸಿರು ಗಡ್ಡ ಇನ್ನೂ ಅಲ್ಲಲ್ಲಿ ಇದೆ. ಹಿಂಬದಿಯ ಗಾಜಿನ ಮೇಲಿನದನ್ನು ಬೇಕೆಂದೇ ಬಿಟ್ಟಿದ್ದೇವೆ, ಬಸವನಹುಳುಗಳೂ ಉಣ್ಣಬೇಕಷ್ಟೆ. ನೆರೆಯವರು ಈಗಲೂ ಬಂದು ನೋಡುತ್ತಾರೆ. “ಇನ್ನೂ ಸ್ವಲ್ಪ ಇದೆಯಲ್ಲ?” ಎನ್ನುತ್ತಾರೆ. “ಇದೆ” ಎನ್ನುತ್ತೇವೆ. ಈಗ ಚುಚ್ಚುವುದಿಲ್ಲ.

ಊರುಬಿಟ್ಟು ಬಂದ ನಮ್ಮ ಮಂದಿಯಲ್ಲಿ ಯಾರಾದರೂ ಹೊಸ ತೊಟ್ಟಿ ಹೂಡುವವರಿದ್ದರೆ ನಮ್ಮದೊಂದು ಬಿನ್ನಹ: ಮೀನಿಗೆ ಮೊದಲು ತಿಂಗಳೊಂದು ಕಾಯಿರಿ, ಪಾಚಿ ಕಂಡಾಗ ಬ್ರಷ್ಷಿಗೆ ಮೊದಲು ಪುಸ್ತಕ ತೆಗೆಯಿರಿ, ಮೀನು ಸತ್ತರೆ ಮಕ್ಕಳಿಗೆ ಅಂದೇ ಹೇಳಿಬಿಡಿ.

ಅಮ್ಮ ಶಿವರಾತ್ರಿಗೆ ಮೊದಲೇ ಊರಿಗೆ ಮರಳಿದರು. ಹೊಸ ಮೀನಿಗೆ ಮಗಳು ‘ಸಾಣಿ’ ಎಂದು ಹೆಸರಿಟ್ಟಿದ್ದಾಳೆ. ಕುಂಡದಲ್ಲಿ ಹುಗಿದೆಡೆ ನಮ್ಮಾಕೆ ಸೇವಂತಿಗೆಯ ಕಡ್ಡಿ ಊರಿದ್ದಾಳೆ, ಚಿಗುರು ಬಂದಿದೆ. ಗ್ರೈಂಡರಿನ ವಿಷಯ ಮುಂದಿನ ತುಟ್ಟಿಭತ್ಯೆಯ ಬಾಕಿ ಬಂದಾಗ ನೋಡೋಣವೆಂದು ಠರಾವಾಗಿದೆ.